ಹೊತ್ತು ಮುಣಗೂ ಮುಂದ ಬದಾಮಿ ಕಲ್ಲು

ಹೋದ ಸಲ ಮಸಾಲಿ ಖಾರ ಕುಟ್ಟೂದು ಬರದಿದ್ದೆ. ಈ ಸಲ ಅಡಿಗಿ ಮನಿ ಬಿಟ್ಟು ಗುಡ್ಡ ಹತ್ತೂ ಮಾತು. ಆದ್ರ ಕಡೀಕ ಮತ್ತ ಬೀಸೋಕಲ್ಲಿಗೇ ಬಂದು ನಿಲ್ಲತೇತಿ, ಬ್ಯಾಸರ ಮಾಡಕೋಬ್ಯಾಡ್ರಿ.

ಮಾಘ ಮಾಸದಾಗ ಬನಶಂಕರಿಗೆ ಉಡಿ ತುಂಬೂದಿತ್ತು. ಜಾತ್ರಿ ಗದ್ದಲ ಮುಗೀಲಿ ಅಂತ ಕಾದು, ರಾಯಬಾಗದ ನಮ್ಮ ತವರುಮನಿಯಿಂದ ಒಂದ ಕ್ರೂಸರ್ ಗಾಡಿ ಮಾಡಕೊಂಡು ಹೊಂಟ್ವಿ. ನಾನು, ನಮ್ಮ ವೈನಿ, ವೈನಿ ಮಗಳು, ಬಾಜೂಮನಿ ಕಾಕು, ಮತ್ತ ನಮ್ಮ ಸೋದರತ್ತಿ. ಅತ್ತಿಗೆ ಈಗ ಎಂಬತ್ತರ ಮ್ಯಾಲ ಒಂದು. ನಡಿಯೂದು ಕಡಿಮಿ, ಮಾತು ಮಾತ್ರ ಮೊದಲಿನಂಗ ಐತಿ. ನಮ್ಮ ಅಪ್ಪ ಅವ್ವನ ಕಾಲದ ಮಂದ್ಯಾಗ ಈಗ ಉಳದಾಕಿ ಆಕಿ ಒಬ್ಬಾಕೇ.

ಹುಡುಗಿಗೆ ಒಂದ ಹುಚ್ಚು. ಹೊತ್ತು ಮುಣಗೂ ಮುಂದ ಬದಾಮಿ ಗುಡ್ಡದ ಫೋಟೋ ತಗೀಬೇಕಂತ. "ಅತ್ತ್ಯಾ, ಆ ಹೊತ್ತಿಗೆ ಕಲ್ಲು ಕೆಂಡ ಆಗತೇತಂತ, ನೋಡೂಣು ಬಾ" ಅಂದ್ಳು. ನಾ ಇಪ್ಪತ್ತೆಂಟು ವರ್ಷ ಸಾಲ್ಯಾಗ ಇತಿಹಾಸ ಕಲಿಸಿದಾಕಿ. ಬದಾಮಿ ಚಾಲುಕ್ಯರ ಪಾಠ ಎಷ್ಟ ಸಲ ಮಾಡೇನೋ ಲೆಕ್ಕಿಲ್ಲ. ಗುಡ್ಡ ಹತ್ತಿ ಹೊತ್ತು ಮುಣಗೂದು ಮಾತ್ರ ಒಮ್ಮೆನೂ ನೋಡಿದ್ದಿಲ್ಲ. ಪ್ರವಾಸಕ್ಕ ಹುಡುಗೂರನ್ನ ಕರಕೊಂಡು ಹೋದಾಗ ಬರೇ ತಲಿ ಎಣಸೂದ ಆಗತಿತ್ತು.

ಮೊದಲ ನಮ್ಮ ಕಡೀ ಕಲ್ಲಿನ ಮಾತು ಹೇಳತೇನಿ. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡ, ಎಲ್ಲಾ ಕಡೆ ನಮ್ಮ ಕಾಲಾಗಿನ ಕಲ್ಲು ಕರಿಕಲ್ಲು. ಸುಮಾರು 6.6 ಕೋಟಿ ವರ್ಷದ ಹಿಂದ ಭೂಮಿ ಸೀಳಿ ಉಕ್ಕಿ ಹರದ ಲಾವಾ ಆರಿ ಆಗಿದ್ದು. ಅದ ಕಲ್ಲು ಸವದು ನಮ್ಮ ಎರಿ ಹೊಲ ಆಗ್ಯಾವ. ಅದರಾಗ ಬೀಸೋಕಲ್ಲು ಮಾಡಿದ್ರ ತಲಿಮಾರು ಬಾಳತೇತಿ. ಆದ್ರ ಸಂಜಿ ಬಿಸಲು ಬಿದ್ದರೂ ಅದು ಕರೀನ, ಮುಂಜಾನಿ ಬಿದ್ದರೂ ಕರೀನ.

ಮಹಾಲಿಂಗಪೂರ ದಾಟಿ, ಮುಧೋಳದಾಗ ಘಟಪ್ರಭಾ ದಾಟಿ, ಲೋಕಾಪೂರದ ಕಡೆ ಬಂದ್ವೆಂದ್ರ ನೆಲದ ಬಣ್ಣ ಬ್ಯಾರೆ ಆಗಾಕ ಹತ್ತತೇತಿ. ಕಲ್ಲು ಹಳದಿ, ಕೆಂಪು, ಕಂದು. ಇದು ಉಸುಕು ನೀರಿನ್ಯಾಗ ಪದರ ಪದರ ಕೂತು ಗಟ್ಟಿ ಆದ ಕಲ್ಲು. ನಮ್ಮ ಕರಿಕಲ್ಲಿಗಿಂತ ಎಷ್ಟೋ ಕೋಟಿ ವರ್ಷ ಹಿರಿದು. ಬ್ರೂಸ್ ಫೂಟ್ ಅನ್ನೂ ಭೂವಿಜ್ಞಾನಿ ಈ ಸೀಮಿಯೆಲ್ಲಾ ತಿರಗ್ಯಾಡಿ 1876ರಾಗ ಒಂದ ದೊಡ್ಡ ಪುಸ್ತಕ ಬರದ. ಈ ಕಲ್ಲಿನ ಬಳಗಕ್ಕ ಕಲಾದಗಿ ಊರಿನ ಹೆಸರ ಕೂತೇತಿ, ಭೂವಿಜ್ಞಾನದ ಪುಸ್ತಕದಾಗ ಇವತ್ತಿಗೂ ಅದ ಹೆಸರು. ನಮ್ಮ ಗೋಕಾಕ ಫಾಲ್ಸ್‌ದಾಗ ನೀರು ಧುಮುಕೂ ಆ ಬಂಡೆಗಲ್ಲೂ ಇದ ಬಳಗದ್ದು. ಈ ಮಾತು ನೆಪ್ಪಿನ್ಯಾಗ ಇಟಕೋರಿ, ಮುಂದ ಬೇಕಾಗತೇತಿ.

ಬನಶಂಕರಿ ದರ್ಶನ ಮುಗಿಸಿ, ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಉಂಡು ಬದಾಮಿಗೆ ಬಂದ್ವಿ. ಮಧ್ಯಾಹ್ನ ಮೇಣಬಸದಿ ನೋಡಿದ್ವಿ. ಮೂರನೇ ಗುಹೆ ಮಂಗಳೇಶ ಕೊರೆಸಿದ್ದು, ಕ್ರಿ.ಶ. 578ರ ಶಾಸನ ಅಲ್ಲೇ ಐತಿ. ಅದಕ್ಕಿಂತ ಹಿಂದ 543ರಾಗ ಒಂದನೇ ಪುಲಕೇಶಿ ಈ ಗುಡ್ಡವನ್ನ ಕೋಟಿ ಮಾಡಕೊಂಡದ್ದೂ ಕಲ್ಲಿನ ಮ್ಯಾಲ ಬರದೇತಿ. ಇದನ್ನೆಲ್ಲಾ ನೀವು ಸಾಲ್ಯಾಗ ಓದೀರಿ, ನಾ ಉದ್ದ ಮಾಡಂಗಿಲ್ಲ.

ಸಂಜಿಕ ಅತ್ತಿನ್ನೂ ಕಾಕುನ್ನೂ ಅಗಸ್ತ್ಯ ತೀರ್ಥದ ಮೂಡಣ ದಂಡಿಗೆ, ಭೂತನಾಥ ಗುಡಿ ಕಟ್ಟಿ ಮ್ಯಾಲ ಕುಂದ್ರಿಸಿ, ನಾವು ಮೂರ ಮಂದಿ ಮ್ಯೂಸಿಯಂ ಬಾಜೂಕಿನ ದಾರಿ ಹಿಡದು ಬಡಗ ಗುಡ್ಡ ಹತ್ತಿದ್ವಿ. ದಾರಿ ಅಂದ್ರ ಎರಡೂ ಕಡೆ ಗ್ವಾಡಿಯಂಗ ನಿಂತ ಬಂಡಿ, ನಡುವ ಸಣ್ಣ ಸಂದಿ. ಕೈ ಚಾಚಿದ್ರ ಎರಡೂ ಕಲ್ಲು ಹತ್ತತಾವ. ಹಗಲೆಲ್ಲಾ ಬಿಸಲುಂಡ ಕಲ್ಲು ಸಂಜಿಕನೂ ಬೆಚ್ಚಗ ಇರತೇತಿ, ಈಗ ಇಳಿಸಿದ ಹಂಚಿನಂಗ. ವೈನಿ ನಡುನಡುವ ಕುಂತು, "ನನ್ನ ಮೊಣಕಾಲು ಚಾಲುಕ್ಯರ ಕಾಲದ್ದವ್ವಾ" ಅಂತಿದ್ಲು.

ಮ್ಯಾಲ ಶಿವಾಲಯದ ಹತ್ರ ನಿಂತಾಗ ಹೊತ್ತು ಇನ್ನ ಎರಡ ಮಾರು ಮ್ಯಾಲಿತ್ತು. ಕಲ್ಲು ಆಗ ಹಳದಿ. ಆಮ್ಯಾಲ ಬೆಲ್ಲದ ಬಣ್ಣ. ಹೊತ್ತು ಊರ ಆಚೆ ಇಳದಂಗ ಇಳದಂಗ ಕೆರಿ ಮೂಡಣ ದಂಡಿ ಬಂಡಿಗೋಳೆಲ್ಲಾ ಕುಂಕುಮ ಸುರದಂಗ ಆದ್ವು. ಬಂಡಿ ಮ್ಯಾಲಿನ ಪದರು ಒಂದೊಂದೂ ಎಣಸಾಕ ಬರತಿತ್ತು, ಉಸುಕು ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಒರಗಿ ಕೂತದ್ದು ಸೈತ. ಕಲ್ಲಿನ್ಯಾಗ ಕಬ್ಬಿಣದ ಅಂಶ ಐತಿ, ಅದು ತುಕ್ಕಿನ ಕೆಂಪು. ಇಳಿಹೊತ್ತಿನ ಬೆಳಕು ಅಡ್ಡಡ್ಡ ಬಂದು ಭಾಳ ಗಾಳಿ ದಾಟಿ ಬರತೇತಿ, ಅದರಾಗಿನ ನೀಲಿ ಚದರಿ ಹೋಗಿ ಕೆಂಪು ಉಳೀತೇತಿ. ಕೆಂಪಿನ ಮ್ಯಾಲ ಕೆಂಪು ಬಿದ್ದು ಗುಡ್ಡ ಉರದಂಗ ಕಾಣತೇತಿ. ಎಲ್ಲಾ ಕೂಡಿ ಹತ್ತ ಹದಿನೈದ ಮಿನಿಟಿನ ಆಟ.

ಹುಡುಗಿ ಮೊಬೈಲ್‌ದಾಗ ನೂರು ಫೋಟೋ ಹೊಡದ್ಳು. ನನ್ನ ಫೋಟೋದಾಗ ಕಲ್ಲು ಬೆಳ್ಳಗ ಬರಾಕತ್ತಿತ್ತು. "ಅತ್ತ್ಯಾ, ಬೆಳಕು ಬಿದ್ದ ಕಲ್ಲಿನ ಮ್ಯಾಲ ಬೆರಳ ಒತ್ತಿ ಹಿಡಿ, ಆಮ್ಯಾಲ ಹೊಡಿ" ಅಂದ್ಳು. ಹಂಗ ಮಾಡಿದ ಮ್ಯಾಲ ಬಣ್ಣ ಬಂತು. ಆಮ್ಯಾಲ ಕೇಳಿದ್ಳು: "ಈ ಕಲ್ಲಿನ ಫೋಟೋ ಎಲ್ಲಾರಕಿಂತ ಮೊದಲ ಯಾರ ತಗದಿದ್ರು?"

ಇದು ನನಗ ಗೊತ್ತಿದ್ದ ಮಾತು. 1839ರಾಗ ಯೂರೋಪದಾಗ ಫೋಟೋ ವಿದ್ಯೆ ಜಗತ್ತಿಗೆ ತಿಳೀತು. ಹದಿನಾರು ವರ್ಷಕ್ಕ ಅದು ಬದಾಮಿಗೆ ಬಂತು. ಮುಂಬೈ ಸರ್ಕಾರ ತೋಪಿನ ದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್ ಅನ್ನಾಂವಗ ಹಳೇ ಕಟ್ಟಡಗಳ ಫೋಟೋ ತಗಿಯೂ ಕೆಲಸ ಒಪ್ಪಿಸ್ತು. 1855ರಾಗ ಅಂವ ವಿಜಾಪುರ, ಬದಾಮಿ, ಐಹೊಳೆ, ಪಟ್ಟದಕಲ್ಲು ತಿರಗಿ ಫೋಟೋ ತಗದ. ಬದಾಮಿಗೆ ಆಗಿನ್ನೂ ರೈಲು ಇರಲಿಲ್ಲ. ಕಟ್ಟಿಗಿ ಡಬ್ಬಿಯಂಥಾ ಕ್ಯಾಮರಾ, ಮೂರಕಾಲಿನ ಸ್ಟ್ಯಾಂಡು, ಔಷಧದ ಬಾಟ್ಲಿ, ಎಲ್ಲಾ ಹೊತಗೊಂಡು ತಿರಗಬೇಕು. ಆಗ ರೀಲು ಇಲ್ಲ. ಕಾಗದಕ್ಕ ಬೆಳ್ಳಿಯ ಲವಣ ಸವರಿ, ಅದನ್ನ ಕ್ಯಾಮರಾದಾಗ ಇಟ್ಟು, ಮಿನಿಟುಗಟ್ಟಲೆ ಬಾಯಿ ತಗದು ಇಡಬೇಕು. ಅಷ್ಟೊತ್ತು ಯಾವುದೂ ಅಳ್ಳಾಡಬಾರದು. ಗಿಡದ ಎಲಿ ಅಳ್ಳಾಡಿದ್ರ ಮಂಜು ಬಡದಂಗ ಬರತಿತ್ತು. ಅಳ್ಳಾಡದ್ದು ಒಂದ ಕಲ್ಲು, ಅದಕ್ಕ ಕಲ್ಲಿನ ಫೋಟೋ ಚಲೋ ಬಂದಾವ.

ಆ ವರ್ಷ ಮುಗಿಯೂದ್ರಾಗ ಬಿಗ್ಸ್‌ನನ್ನ ದಂಡಿಗೆ ಮರಳಿ ಕರಸಿದ್ರು. ಅವನ ಜಾಗಾಕ್ಕ ಡಾಕ್ಟರ್ ಪಿಗೌ ಬಂದ, ಆಮ್ಯಾಲ ನೀಲ್ ಅನ್ನಾಂವ. ಮೂರೂ ಮಂದಿ ತಗದ ಫೋಟೋ ಕೂಡಿಸಿ 1866ರಾಗ ಲಂಡನ್‌ದಾಗ ಧಾರವಾಡ, ಮೈಸೂರು ಸೀಮಿಯ ಕಟ್ಟಡಗಳ ಮ್ಯಾಲ ಒಂದ ಭಾರಿ ಪುಸ್ತಕ ಬಂತು. ಪುಸ್ತಕ ಬರೂ ಹೊತ್ತಿಗೆ ಪಿಗೌ ತೀರಿಕೊಂಡಿದ್ದ. ಅದಕ್ಕ ಬರಹ ಬರದವರು ಫರ್ಗ್ಯೂಸನ್ ಮತ್ತ ಸುರಪುರದಾಗ ಇದ್ದು ಹೋದ ಮೆಡೋಸ್ ಟೇಲರ್. ಅದಾದ ಮ್ಯಾಲ 1874ರಾಗ ಬರ್ಜೆಸ್ ಬಂದ. ಬೆಳಗಾವಿ, ಕಲಾದಗಿ ಜಿಲ್ಲೆಗೋಳ ಹಳೇ ಗುಡಿ ಗುಹೆಗಳ ವರದಿ ಮಾಡಿದ. ಆಗ ಬದಾಮಿ ಇದ್ದ ಜಿಲ್ಲೆಯ ಹೆಸರ ಕಲಾದಗಿ.

"ಅವರ ಫೋಟೋದಾಗ ಕಲ್ಲು ಹಿಂಗ ಕಾಣತಿತ್ತಾ?" ಅಂತ ಕೇಳಿದ್ಳು. ಇಲ್ಲವ್ವಾ. ಕಪ್ಪು ಬಿಳುಪು ಅನ್ನೂದು ಒಂದ ಮಾತಾತು. ಅದಕ್ಕಿಂತ ದೊಡ್ಡ ಮಾತು, ಆ ಕಾಲದ ಕಾಗದಕ್ಕ ಕೆಂಪು ಕಾಣತಿರಲೇ ಇಲ್ಲ. ಬೆಳ್ಳಿಯ ಲವಣ ನೀಲಿ ಬೆಳಕಿಗೆ ಹೊಳ್ಳಿ ಮಾತಾಡತೇತಿ, ಕೆಂಪು ಬೆಳಕಿಗೆ ಮೂಕ. ಅದಕ್ಕ ಹಳೇ ಫೋಟೋಗಳಾಗ ಮುಗಲು ಬೆಳ್ಳಗ ಖಾಲಿ, ಕೆಂಪು ಕಲ್ಲು ಕರ್ರಗ. ನಾವು ಗುಡ್ಡ ಹತ್ತಿ ಕಾಯೂ ಆ ಹತ್ತ ಮಿನಿಟು ಆ ಕ್ಯಾಮರಾಕ್ಕ ಕತ್ತಲಿ. ಕೆಂಪನ್ನೂ ನೋಡೂ ತಗಡು ಮಾರಾಟಕ್ಕ ಬಂದದ್ದು ಇಪ್ಪತ್ತನೇ ಶತಮಾನದ ಸುರುವಿಗೆ.

ಇದನ್ನ ನಾ ಪುಸ್ತಕಕ್ಕಿಂತ ಮೊದಲ ಕಣ್ಣೀಲೆ ಕಂಡಾಕಿ. ನಮ್ಮ ಸೋದರಮಾವ ಚಿಕ್ಕೋಡ್ಯಾಗ ಒಂದ ಫೋಟೋ ಸ್ಟುಡಿಯೋದಾಗ ಕೆಲಸಕ್ಕಿದ್ದ. ರಜಾಕ್ಕ ಹೋದಾಗ ಒಮ್ಮೆ ಕತ್ತಲಿ ಖೋಲಿಯೊಳಗ ಬಿಟಗೊಂಡಿದ್ದ. ಸಣ್ಣ ಕೆಂಪು ಬಲ್ಬು, ತಾಟಿನ್ಯಾಗ ಔಷಧದ ನೀರು, ನೀರಾಗ ಬಿಳಿ ಕಾಗದ. ನೋಡ ನೋಡತಾ ಕಾಗದದ ಮ್ಯಾಲ ಒಬ್ಬಾಕಿ ಮದಿಮಗಳ ಕಣ್ಣು ಮೂಡಿದ್ವು. "ಕೆಂಪು ಬಲ್ಬು ಯಾಕ ಮಾಮಾ?" ಅಂದ್ರ, "ಕಾಗದಕ್ಕ ಕೆಂಪು ಕಾಣಂಗಿಲ್ಲ, ಅದಕ್ಕ ಕಾಗದ ಕೆಡಂಗಿಲ್ಲ" ಅಂದಿದ್ದ. ಐವತ್ತು ವರ್ಷದ ಮ್ಯಾಲ ಬದಾಮಿ ಗುಡ್ಡದಾಗ ಆ ಮಾತು ಹೊಳ್ಳಿ ಬಂತು.

ಆ ಕಾಲದ ಫೋಟೋಗಳಾಗ ಇನ್ನೊಂದ ಐತಿ. ಕಂಬದ ಬಾಜೂಕ, ಬಾಗಲದಾಗ, ಬಂಡಿ ಬುಡಕ ಒಮ್ಮೊಮ್ಮೆ ಒಬ್ಬಾಂವ ಸುಮ್ಮಕ ನಿಂತಿರತಾನ. ರುಮಾಲು, ಧೋತ್ರ. ಅವನ ಫೋಟೋ ತಗಿಯೂ ಸಲುವಾಗಿ ನಿಲ್ಲಿಸಿದ್ದಲ್ಲ. ಕಂಬ ಎಷ್ಟ ಎತ್ತರ ಅಂತ ನೋಡಿದವರಿಗೆ ತಿಳೀಲಿ ಅಂತ, ಅಳತಿಗೋಲಿನಂಗ. ಫೋಟೋದ ಬುಡಕ ಗುಡಿ ಹೆಸರ ಇರತೇತಿ, ಊರ ಹೆಸರ ಇರತೇತಿ, ತಗದ ಸಾಹೇಬನ ಹೆಸರ ಇರತೇತಿ. ನಿಂತವನ ಹೆಸರ ಸಿಗೂದು ಅಪರೂಪ.

ಕಲ್ಲು ಕಡದ ಕಾಲದಾಗ ಹೆಸರಿನ ಕಿಮ್ಮತ್ತು ಗೊತ್ತಿತ್ತು ನೋಡ್ರಿ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನ ರಾಣಿ ಲೋಕಮಹಾದೇವಿ ಕಟ್ಟಿಸಿದ್ಳು, ಎಂಟನೇ ಶತಮಾನದಾಗ, ತನ್ನ ಗಂಡ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದದ್ದಕ್ಕ. ಆಕಿ ಹೆಸರ ಅಲ್ಲೆ ಕಲ್ಲಿನ ಮ್ಯಾಲ ಐತಿ. ಕಟ್ಟಿದ ಶಿಲ್ಪಿ ಗುಂಡ ಅನಿವಾರಿತಾಚಾರಿಯ ಹೆಸರೂ ಐತಿ. ಕಟ್ಟಿಸಿದಾಕಿನೂ ಉಳದ್ಳು, ಕೈ ಹಚ್ಚಿ ಕಟ್ಟಿದಾಂವನೂ ಉಳದ.

ಈ ಮಾತು ಆಡತಾ ಆಡತಾ ಇಳದು ಭೂತನಾಥಕ್ಕ ಬಂದ್ವಿ. ಅತ್ತಿ ಕಟ್ಟಿ ಮ್ಯಾಲ ಕಾಲು ಚಾಚಿ ಕುಂತಿದ್ಲು. ನಾ ಬ್ಯಾಗಿನ್ಯಾಗ ಒಂದ ಹಳೇ ಫೋಟೋ ತಂದಿದ್ದೆ, ಆಕಿಗೆ ತೋರಸಬೇಕಂತ. ಅವ್ವ ಹೋದ ಮ್ಯಾಲ ಆಕಿ ಟ್ರಂಕಿನ ತಳದಾಗ ಸಿಕ್ಕಿದ್ದು. 1964ರ ಶ್ರಾವಣ, ಗೋಕಾಕ ಫಾಲ್ಸ್. ಹಿಂದ ನೀರು ಧುಮುಕತೇತಿ, ಕೆಳಗ ಅದ ಪದರು ಪದರಿನ ಬಂಡಿ. ನಮ್ಮ ಅವ್ವ, ದೊಡ್ಡಮ್ಮ, ಅತ್ತಿ, ಸಾಲಾಗಿ ನಿಂತಾರ. ದಂಡೀಗೆ ಸ್ವಲ್ಪ ಹಿಂದ ಇನ್ನೊಬ್ಬಾಕಿ, ಟೊಂಕದ ಮ್ಯಾಲ ಒಂದ ಕೂಸು. ಆ ಕೂಸು ನಾನು. ಎತಗೊಂಡಾಕಿ ಯಾರು ಅಂತ ನಮ್ಮ ಮನ್ಯಾಗ ಯಾರಿಗೂ ಗೊತ್ತಿಲ್ಲ. ಫೋಟೋದ ಹಿಂದ ಸ್ಟುಡಿಯೋದ ಸಿಕ್ಕಾ ಐತಿ, ಹೆಸರ ಒಂದೂ ಇಲ್ಲ. ಅವ್ವ ಇದ್ದಾಗ ಈ ಫೋಟೋ ಎಷ್ಟ ಸಲ ಕೈಯಾಗ ಹಿಡದೇನಿ. ಬರೇ ನನ್ನ ಮುಖಾ ನೋಡಕೊಂಡು ಒಳಗ ಇಡತಿದ್ದೆ, ಒಮ್ಮೆನೂ ಕೇಳಲಿಲ್ಲ.

ಅತ್ತಿ ಚಷ್ಮಾ ಏರಿಸಿ ಭಾಳ ಹೊತ್ತು ನೋಡಿದ್ಳು. "ಇಕಿ ಬೀಸಾಕ ಬರತಿದ್ದಾಕಿ" ಅಂದ್ಳು. "ನಸಿಕಿನ್ಯಾಗ ಬಂದು ಎರಡ ಸೇರು ಜ್ವಾಳಾ ಬೀಸಿ ಹೋಗಾಕಿ. ನಿಮ್ಮವ್ವ ಬಾಣಂತಿ ಇದ್ದಾಗ ನಿನ್ನ ಎರದು ತೂಗಿದಾಕಿನೂ ಇಕೇ. ಆಕಿದೂ ಒಂದ ಕೂಸು ಹೋಗಿತ್ತು, ಅದರ ಹಾಲು ನೀ ಕುಡದಿ. ಫೋಟೋದಾಂವ 'ನೀ ಬಾಜೂಕ ಸರಿ' ಅಂದ. ನೀ ಅಳಾಕ ಹತ್ತಿದಿ. 'ಹಂಗಾರ ಕೂಸಿನ್ನ ಎತಗೊಂಡ ನಿಲ್ಲು' ಅಂದ. ಹಿಂಗ ಫೋಟೋದಾಗ ಬಂದಾಳ."

ನನಗ ಮಾತು ಬರಲಿಲ್ಲ. ಅರವತ್ತು ವರ್ಷ ಆತು, ಇದನ್ನ ನನಗ ಯಾರೂ ಹೇಳಿರಲಿಲ್ಲ.

"ಹೆಸರೇನು ಅತ್ತಿ?"

"ಏನೋ ಇತ್ತವ್ವಾ... ನಾವೆಲ್ಲಾ ಬೀಸಾಕಿ, ಬೀಸಾಕಿ ಅಂತಿದ್ವಿ." ಆಮ್ಯಾಲ ಸುಮ್ಮನಾದ್ಳು. "ಸೀರಿ ಮಾತ್ರ ನೆಪ್ಪೈತಿ. ಹಸರ ಒಡಲು, ಕೆಂಪ ಧಡಿ. ಪದಾ ಭಾಳ ಚಲೋ ಹಾಡತಿದ್ಲು. ಆಕಿ ಪದಕ್ಕ ನನಗ ಎಚ್ಚರ ಆಗತಿತ್ತು." ಕಪ್ಪು ಬಿಳಿ ಫೋಟೋದಾಗ ಆ ಸೀರಿ ಬರೇ ಬೂದಿ ಬಣ್ಣ.

ನಾವು ಕುಂತಲ್ಲೇ, ಕೆರಿಯ ಬಡಗ ಮೂಡಣ ಮೂಲಿಗೆ ಬಂಡಿ ಮ್ಯಾಲ ಕಪ್ಪೆ ಅರಭಟ್ಟನ ಶಾಸನ ಐತಿ. ಹತ್ತ ಸಾಲು, ಸುಮಾರು 700ರ ಹೊತ್ತಿನದು. ಅಂವ ರಾಜ ಅಲ್ಲ. ಒಳ್ಳೆಯವರಿಗೆ ಒಳ್ಳೆಯಾಂವ, ಕೆಟ್ಟವರಿಗೆ ಕೆಟ್ಟಾಂವ ಅಂತ ಊರು ಹೊಗಳಿದ ಒಬ್ಬ ಮನುಷ್ಯ. ಆ ಬಂಡಿ ಇರದಿದ್ರ ಅವನ ಹೆಸರ ಯಾರಿಗೂ ತಿಳೀತಿರಲಿಲ್ಲ. ಅದರಾಗಿನ ಕನ್ನಡ ಪದ್ಯ ತ್ರಿಪದಿ, ನಮಗ ಸಿಕ್ಕ ತ್ರಿಪದಿಗಳಾಗ ಎಲ್ಲಾಕಿಂತ ಹಳೇದು. ತ್ರಿಪದಿ ಅಂದ್ರ ಬ್ಯಾರೆ ಅಲ್ಲರಿ, ನಮ್ಮ ಬೀಸೋಕಲ್ಲಿನ ಪದ ಇರತಾವಲ್ಲಾ, ಅದ ಮೂರ ಸಾಲಿನ ಧಾಟಿ. ನಮ್ಮ ಆಯಿ, ಮುತ್ತ್ಯಾಯಿಗೋಳು ಜ್ವಾಳಾ ಹಾಕತಾ ಹಾಡಿದ್ದು ಅದ. ಸಾವಿರದ ಮುನ್ನೂರು ವರ್ಷದ ಹಿಂದ ಕಲ್ಲಿನ ಮ್ಯಾಲ ಕೊರದ ಧಾಟಿಯನ್ನ ಅಕ್ಷರ ಬಾರದ ಹೆಣಮಕ್ಕಳು ಕಲ್ಲು ತಿರುವತಾ ಬಾಯಿಲೆ ಉಳಿಸಿದ್ರು.

ಇದನ್ನ ಅತ್ತಿಗೆ ಹೇಳಿದೆ. ಆಕಿ ಬಂಡಿ ಕಡೆ ನೋಡಿ, "ಹಂಗಾರ ಅಲ್ಲಿದ್ದದ್ದ ಇಕಿ ಹಾಡತಿದ್ಲಾ?" ಅಂದ್ಳು. ಅದ ಪದ ಅಲ್ಲ ಅತ್ತಿ, ಅದ ಧಾಟಿ ಅಂದೆ. ಆಕಿ ಗುನುಗಾಕ ನೋಡಿದ್ಳು. ಒಂದ ಸಾಲು ಬಂತು, ಎರಡನೇದು ಅರ್ಧಾ, ಮೂರನೇದು ಬರಲಿಲ್ಲ. "ಗಿರಣಿ ಬಂತು, ಆಕಿ ಬರೂದ ನಿಂತಳು" ಅಂದ್ಳು. ಅಷ್ಟೊತ್ತಿಗೆ ಬಂಡಿ ಮ್ಯಾಲಿನ ಕೆಂಪೂ ಹೋಗಿತ್ತು. ಕಾವಲಿನವರು ಸಿಳ್ಳಿ ಹೊಡದು ಎಬ್ಬಿಸಿದ್ರು.

ಮರುದಿನ ಹೊಳ್ಳಿ ಬರೂ ಮುಂದ ಲೋಕಾಪೂರದಾಗ ಚಹಾಕ್ಕ ಗಾಡಿ ನಿಲ್ಲಿಸಿದ್ವಿ. ಅತ್ತಿ ಬಶಿಗೆ ಚಹಾ ಸುರಕೊಂಡು ಊದತಾ ಇದ್ದಾಕಿ ಒಮ್ಮಿಂದೊಮ್ಮೆ ತಲಿ ಎತ್ತಿ ಒಂದ ಹೆಸರ ಹೇಳಿದ್ಳು. ಪೂರ್ತಿ ಹೆಸರು, ಆಕಿ ತವರೂರಿನ ಹೆಸರ ಸೈತ. ನಾ ಬಸಿ ಕೆಳಗಿಟ್ಟು, ಹುಡುಗಿ ಕೈಯಾಗಿನ ಪೆನ್ಸಿಲ್ ಇಸಕೊಂಡು, ಅಲ್ಲೇ ಬಾಕಡಿ ಮ್ಯಾಲ ಫೋಟೋ ಬೋರಲ ಹಾಕಿ ಬರದೆ. ಎಡಕ್ಕಿಂದ ಬಲಕ್ಕ ನಾಕೂ ಹೆಣಮಕ್ಕಳ ಹೆಸರು, ಊರು, ವರ್ಷ. ಅತ್ತಿ ಓದಿಸಿ ಕೇಳಿದ್ಳು. "ಹೂಂ, ಸರಿ ಐತಿ" ಅಂದು ಮತ್ತ ಚಹಾ ಕುಡದ್ಳು.

ಆ ಹೆಸರ ನಾ ಇಲ್ಲೆ ಬರಿಯಂಗಿಲ್ಲ. ಆಕಿ ಮಕ್ಕಳು ಮೊಮ್ಮಕ್ಕಳು ಎಲ್ಲೆ ಅದಾರೋ, ಅವರನ್ನ ಕೇಳದ ಊರ ತುಂಬ ಸಾರೂದು ಸರಿ ಅನಸಂಗಿಲ್ಲ. ಆದ್ರ ನಿಮ್ಮ ಪೈಕಿ ಯಾರದ್ದಾರೆ ಆಯಿ ಆ ಕಾಲಕ್ಕ ರಾಯಬಾಗದಾಗ ಮನಿ ಮನಿಗೆ ಬೀಸಾಕ ಹೋಗತಿದ್ದರ, ಚಲೋ ಪದಾ ಹಾಡತಿದ್ದರ, ನನಗ ಹೇಳ್ರಿ. ಆಕಿದು ಬ್ಯಾರೆ ಫೋಟೋ ಇರಲಿಕ್ಕಿಲ್ಲ. ಇದರದ್ದೊಂದ ಪ್ರತಿ ಮಾಡಿಸಿ, ಚೌಕಟ್ಟು ಹಾಕಿಸಿ, ನಾನ ತಂದು ಕೊಡತೇನಿ. ಹಾಲಿನ ಋಣ ಐತಿ.

ಬದಾಮಿಗೆ ಹೋಗೂರಿಗೆ ಎರಡ ಮಾತು. ಮಧ್ಯಾಹ್ನ ಗುಹೆ, ಸಂಜಿಕ ಗುಡ್ಡ ಇಟಕೋರಿ. ಬಾಗಲಾ ಎಷ್ಟಕ್ಕ ಹಾಕತಾರ ಅಂತ ಮೊದಲ ಕೇಳಕೋರಿ, ಕತ್ತಲಿ ಆಗೂದ್ರಾಗ ಇಳೀರಿ. ಸವದ ಉಸುಕುಗಲ್ಲು ಜಾರತೇತಿ, ಗಟ್ಟಿ ಚಪ್ಲಿ ಬೇಕು. ಮಂಗ್ಯಾಗೋಳ ಕಾಟ ಭಾಳ, ಬುತ್ತಿ ಗಂಟು ಕೈಯಾಗ ತೋರಸಬ್ಯಾಡ್ರಿ. ನಮ್ಮ ಕಾಕು ಒಂದ ಡಜನ್ ಬಾಳಿಹಣ್ಣು ಕಳಕೊಂಡಾಳ.

ಮನ್ಯಾಗ ಇರೂರಿಗೆ ಒಂದ ಮಾತು. ಟ್ರಂಕಿನ್ಯಾಗಿನ ಹಳೇ ಫೋಟೋ ಈ ವಾರದಾಗ ಹೊರಗ ತಗೀರಿ. ಮನ್ಯಾಗ ಹಿರೇರು ಇದ್ದರ ಅವರ ಬಾಜೂಕ ಕುಂದ್ರರಿ. ದಂಡೀಗೆ ನಿಂತವರ ಹೆಸರ ಮೊದಲ ಕೇಳ್ರಿ, ನಡುವ ನಿಂತವರು ಎಲ್ಲಾರಿಗೂ ಗೊತ್ತಿರತಾರ. ಹಿಂದ ಮೆತ್ತನ್ನ ಪೆನ್ಸಿಲ್‌ಲೆ ಹಗೂರಕ ಬರೀರಿ. ಪೆನ್ನು ಬ್ಯಾಡ, ಶಾಯಿ ಮುಂದಕ್ಕ ಹಾಯತೇತಿ, ಒತ್ತಿ ಬರದ್ರ ಮುಖದ ಮ್ಯಾಲ ಗೆರಿ ಮೂಡತೇತಿ.

ಹುಡುಗಿ ತಗದ ನೂರು ಫೋಟೋದಾಗ ಕಲ್ಲಿನದು ಎರಡ ಚಲೋ ಬಂದಾವ. ಅದಕ್ಕಿಂತ ಚಲೋ ಬಂದದ್ದು ಒಂದು: ಕೆಂಪ ಬೆಳಕಿನ್ಯಾಗ ಅತ್ತಿ, ಕಟ್ಟಿ ಮ್ಯಾಲ, ಕೈಯಾಗ ಗೋಕಾಕ ಫೋಟೋ. ಪ್ರಿಂಟ್ ಹಾಕಿಸೇವಿ. ಹಿಂದ ಹೆಸರೂ ಬರದೇವಿ.